ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ನೋಡುವುದೇನಿದೆ?

ಪ್ರಶ್ನೆ: ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ನಮ್ಮ ಮನೆಯವರು ಯಾರೂ ಆ ಕಡೆ ಹೋಗಿಲ್ಲ. ಈ ರಜೆಯಲ್ಲಿ ಹೈಸ್ಕೂಲಿನಲ್ಲಿ ಓದುವ ಇಬ್ಬರು ಮಕ್ಕಳನ್ನು ಕರೆದುಕೊಂಡು ಎರಡು ದಿನ ಕೆಜಿಎಫ್ ನೋಡಿ ಬರಬೇಕೆಂದಿದ್ದೇವೆ. ಸ್ನೇಹಿತರು ಮಾತ್ರ "ಸೈನೈಡ್ ಗುಡ್ಡ ಬಿಟ್ಟರೆ ಅಲ್ಲಿ ಏನೂ ಇಲ್ಲ, ಗಣಿಗೆ ಇಳಿಯಲೂ ಬಿಡುವುದಿಲ್ಲ, ಕೋಟಿಲಿಂಗ ನೋಡಿಕೊಂಡು ವಾಪಸ್ ಬನ್ನಿ" ಎನ್ನುತ್ತಾರೆ. ಇದು ನಿಜವೇ? ಪರಂಪರೆಯ ದೃಷ್ಟಿಯಿಂದ ಅಲ್ಲಿ ಏನನ್ನು, ಹೇಗೆ ನೋಡಬೇಕು? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಒಂದಂಶ ನಿಜ. ಕೆಜಿಎಫ್‌ನಲ್ಲಿ ಪ್ರವಾಸಿಗರನ್ನು ನೆಲದಡಿಗೆ ಇಳಿಸುವ ವ್ಯವಸ್ಥೆ ಇಲ್ಲ, ಇಳಿಸಬಹುದಾದ ಸ್ಥಿತಿಯೂ ಅಲ್ಲಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಕೆಲಸ ನಿಲ್ಲಿಸಿದ ಮೇಲೆ ಗಣಿಯ ನೀರೆತ್ತುವ ಪಂಪುಗಳೂ ನಿಂತವು. ನೂರಿಪ್ಪತ್ತು ವರ್ಷ ಹಗಲೂ ರಾತ್ರಿ ಹೊರಹಾಕುತ್ತಿದ್ದ ನೀರು ಸುರಂಗಗಳನ್ನು ಕೆಳಗಿನಿಂದ ತುಂಬಿಕೊಂಡು ಮೇಲೆ ಬಂತು. ಆದುದರಿಂದ ನಿಮ್ಮ ತಾತ ಕೆಲಸ ಮಾಡಿದ ಜಾಗವನ್ನು ಮಕ್ಕಳಿಗೆ ಕಣ್ಣಾರೆ ತೋರಿಸುವುದು ಆಗದ ಮಾತು. ಆದರೆ "ಅಲ್ಲಿ ಏನೂ ಇಲ್ಲ" ಎಂಬುದನ್ನು ನಾನು ಒಪ್ಪುವುದಿಲ್ಲ. ಚಿನ್ನದ ಊರಿಗೆ ಹೋಗಿ ಚಿನ್ನವನ್ನೇ ಹುಡುಕುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ ಎಂದರೆ ಸರಿಯಾದೀತು. ಈ ನೆಲದಿಂದ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು. ಆರಂಭದ ದಶಕಗಳಲ್ಲಿ ಅದರ ಬಹುಪಾಲು ಲಂಡನ್ನಿಗೆ ಹೋಯಿತು. ಊರಿನಲ್ಲಿ ಉಳಿದದ್ದು ಚಿನ್ನವಲ್ಲ, ಅದನ್ನು ಮೇಲೆತ್ತಲೆಂದು ತಂದ ರೈಲು, ನೀರು, ವಿದ್ಯುತ್ತು, ಜನ, ಮತ್ತು ಚಿನ್ನ ತೆಗೆದ ಮೇಲೆ ಚೆಲ್ಲಿದ ಮಣ್ಣು. ಕೆಜಿಎಫ್ ನೋಡುವುದೆಂದರೆ ಈ ಐದನ್ನೂ ಒಂದಕ್ಕೊಂದು ಜೋಡಿಸಿ ನೋಡುವುದು ಎಂದು ನಾನು ತಿಳಿದಿದ್ದೇನೆ.

ಹಾಗಾಗಿ ನನ್ನ ಮೊದಲ ಸಲಹೆ, ಕಾರಿನಲ್ಲಿ ಹೋಗಬೇಡಿ, ರೈಲಿನಲ್ಲಿ ಹೋಗಿ. ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಂವರೆಗೆ ಹೋಗುವ ಸುಮಾರು 16 ಕಿಲೋಮೀಟರಿನ ಹಳಿಯನ್ನು 19ನೆಯ ಶತಮಾನದ ಕೊನೆಯ ದಶಕದಲ್ಲಿ ಹಾಕಿದ್ದೇ ಗಣಿಗಳಿಗಾಗಿ. ಯಂತ್ರ, ಕಲ್ಲಿದ್ದಲು, ಮರದ ದಿಮ್ಮಿ, ಅಕ್ಕಿ, ಕೂಲಿಯ ಜನ ಎಲ್ಲವೂ ಇದರ ಮೇಲೆಯೇ ಬಂದವು. ದಾರಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಬರುವ ನಿಲ್ದಾಣಗಳ ಹೆಸರುಗಳನ್ನು ಮಕ್ಕಳಿಂದ ಜೋರಾಗಿ ಓದಿಸಿ. ಅವು ಗಣಿಗಳ, ಗಣಿ ಕಂಪನಿಗಳ ಹೆಸರೂ ಆಗಿದ್ದವು. ಮುಂಜಾನೆ ಎದುರಿನಿಂದ, ಅಂದರೆ ಕೆಜಿಎಫ್‌ನಿಂದ ಬೆಂಗಳೂರಿನ ಕಡೆ ಬರುವ ರೈಲನ್ನು ಒಮ್ಮೆ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ಗಣಿ ಮುಚ್ಚಿದ್ದರ ಅರ್ಥ ಯಾವ ವಸ್ತುಸಂಗ್ರಹಾಲಯವೂ ಹೇಳದಷ್ಟು ಸ್ಪಷ್ಟವಾಗುತ್ತದೆ. ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿರುವ ಸಾವಿರಾರು ಜನರಲ್ಲಿ ಹೆಚ್ಚಿನವರು ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಅಜ್ಜಂದಿರು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿದು ಕೆಲಸಕ್ಕೆ ಹೋದರೆ ಇವರು ನೂರು ಕಿಲೋಮೀಟರ್ ಅಡ್ಡಲಾಗಿ ಹೋಗಿ ಬರುತ್ತಾರೆ.

ಹೋಗುವ ಮೊದಲು ಮಕ್ಕಳಿಗೆ ಇತಿಹಾಸದ ಎಳೆಯೊಂದನ್ನು ಹೇಳಿಡಿ. ಇಲ್ಲಿ ಚಿನ್ನವನ್ನು ಬ್ರಿಟಿಷರು "ಕಂಡುಹಿಡಿದರು" ಎನ್ನುವುದು ಸರಿಯಲ್ಲ. 1802ರಲ್ಲಿ ಗಡಿ ಗುರುತಿಸುವ ಮೋಜಣಿಗೆ ಬಂದ ಜಾನ್ ವಾರನ್ ಎಂಬ ಸೇನಾಧಿಕಾರಿ ಉರಿಗಾಂ, ಮಾರಿಕುಪ್ಪಂ ಸುತ್ತಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದಾಗ, ಹಳ್ಳಿಯವರು ಗಾಡಿಗಟ್ಟಲೆ ಮಣ್ಣು ತಂದು ಅವನ ಎದುರಿಗೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ವಾರನ್ನನ ವರದಿ ಕಡತ ಸೇರಿತು. ಏಳು ದಶಕಗಳ ನಂತರ, ನ್ಯೂಜಿಲೆಂಡಿನ ಯುದ್ಧದಲ್ಲಿ ದುಡಿದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ ಎಂದು ಹೇಳಿದರೆ ಮಕ್ಕಳಿಗೆ ಕಥೆ ತಮ್ಮ ಊರಿನಿಂದಲೇ ಶುರುವಾದಂತೆ ಆಗುತ್ತದೆ. ಅವನ ಕೈಯಲ್ಲಿ ಬಂಡವಾಳವಿರಲಿಲ್ಲ; 1880ರ ನಂತರ ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಗೆ ಹೋಯಿತು. 1880ರ ದಶಕದ ನಡುವಿನಲ್ಲಿ ಇಲ್ಲಿನ ಗಣಿಗಳಲ್ಲೊಂದಾದ ಮೈಸೂರು ಗಣಿಯಲ್ಲಿ ಚಾಂಪಿಯನ್ ಸಿರ, ಅಂದರೆ ಬಂಡೆಯ ನಡುವೆ ಹರಿದ ಸಮೃದ್ಧವಾದ ಚಿನ್ನದ ಎಳೆ, ಸಿಕ್ಕ ಮೇಲೆ ಊರು ಎದ್ದು ನಿಂತಿತು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ, ಹೀಗೆ ಯಜಮಾನರು ಬದಲಾದರು. ಇಷ್ಟು ಸಾಕು, ಮಿಕ್ಕದ್ದನ್ನು ಅಲ್ಲಿನ ವಸ್ತುಗಳೇ ಹೇಳುತ್ತವೆ.

ಊರಿಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಕೊರೆತಗಳ, ಮೇಲೆ ನಿಂತ ಉಕ್ಕಿನ ಗೋಪುರಗಳು, ಗಣಿಯವರ ಮಾತಿನಲ್ಲಿ ಹೆಡ್‌ಗೇರ್. ಇವುಗಳಲ್ಲಿ ಕೆಲವು ಕಳಚಿ ಹೋಗಿವೆ, ಕೆಲವು ಇನ್ನೂ ನಿಂತಿವೆ. ಗೋಪುರದ ನೆತ್ತಿಯ ದೊಡ್ಡ ಗಾಲಿಗಳ ಮೇಲೆ ಹಾದುಹೋಗುತ್ತಿದ್ದ ಉಕ್ಕಿನ ಹಗ್ಗವೇ ಜನರನ್ನು ಕೂರಿಸಿದ ಕೇಜನ್ನು ಇಳಿಸುತ್ತಿತ್ತು, ಅದಿರು ತುಂಬಿದ ತೊಟ್ಟಿಯನ್ನು ಏರಿಸುತ್ತಿತ್ತು. ಗೋಪುರವನ್ನು ದೂರದಿಂದ ಫೋಟೊ ತೆಗೆದು ಮುಂದೆ ಹೋಗುವವರೇ ಹೆಚ್ಚು. ನೀವು ಸ್ವಲ್ಪ ಹೊತ್ತು ನಿಂತು ಅದರ ಕಾಲುಗಳನ್ನು ನೋಡಿ. ಎರಡು ಕಾಲು ನೇರವಾಗಿ ಶಾಫ್ಟಿನ ಬಾಯಿಯ ಮೇಲೆ ಇಳಿದಿದ್ದರೆ, ಇನ್ನೆರಡು ಕಾಲು ಒಂದೇ ಕಡೆಗೆ ಓರೆಯಾಗಿ ಚಾಚಿಕೊಂಡಿರುತ್ತವೆ. ಹಗ್ಗವನ್ನು ಸುತ್ತುವ ಎಂಜಿನ್ ಮನೆ ಇದ್ದದ್ದು ಆ ಓರೆಯ ದಿಕ್ಕಿನಲ್ಲಿ. ಎಂಜಿನ್ ಎಳೆಯುವ ಭಾರಕ್ಕೆ ಗೋಪುರ ಆ ಕಡೆಗೆ ವಾಲಬಾರದೆಂದು ಇಟ್ಟ ಊರೆಗಾಲುಗಳು ಅವು. ಕಟ್ಟಡ ಬಿದ್ದುಹೋಗಿ ಪೊದೆ ಬೆಳೆದಿದ್ದರೂ ಎಂಜಿನ್ ಮನೆ ಎಲ್ಲಿತ್ತೆಂದು ಗೋಪುರದ ಕಾಲನ್ನು ನೋಡಿಯೇ ಹೇಳಬಹುದು. ನಾನು ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಇದೊಂದು ಒಗಟನ್ನು ಕೊಡುತ್ತೇನೆ. ಮಕ್ಕಳು ಪೊದೆಯ ನಡುವೆ ಇಟ್ಟಿಗೆಯ ಗೋಡೆಯನ್ನು ಹುಡುಕಿ ತೋರಿಸಿದಾಗ ಆಗುವ ಖುಷಿ ಯಾವ ಗೈಡ್ ಹೇಳುವ ಕಥೆಯಿಂದಲೂ ಆಗುವುದಿಲ್ಲ. ಆದರೆ ಬೇಲಿ ದಾಟಬೇಡಿ, ಬೇಲಿ ಇಲ್ಲದ ಕಡೆಯೂ ಶಾಫ್ಟಿನ ಬಾಯಿಯ ಹತ್ತಿರ ಸುಳಿಯಬೇಡಿ. ಗಣಿಯ ಆಸ್ತಿ ಇಂದಿಗೂ ನಿರ್ಬಂಧಿತ ಪ್ರದೇಶ. ಆವರಣದೊಳಗೆ ಹೋಗಬೇಕಾದರೆ ಮೊದಲೇ ಅನುಮತಿ ಪಡೆಯಬೇಕು.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್ ಮುಟ್ಟಿತ್ತು. ಕೋಲಾರದ ಈ ಭಾಗ ಸಮುದ್ರಮಟ್ಟದಿಂದ ಒಂದು ಕಿಲೋಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿದೆ. ಅಂದರೆ ತಳದ ಲೆವೆಲ್ಲಿನಲ್ಲಿ (ಅತ್ಯಂತ ಆಳದ ಸುರಂಗದ ಅಂತಸ್ತಿನಲ್ಲಿ) ಕೆಲಸ ಮಾಡುತ್ತಿದ್ದವರು ಮದರಾಸಿನ ಕಡಲ ದಂಡೆಗಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ನಿಂತಿರುತ್ತಿದ್ದರು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ಮೇಲಿನಿಂದ ತಂಪು ಗಾಳಿಯನ್ನು ಯಂತ್ರದ ಮೂಲಕ ಕಳುಹಿಸದೆ ಮನುಷ್ಯ ಅಲ್ಲಿ ನಿಲ್ಲುವುದೇ ಸಾಧ್ಯವಿರಲಿಲ್ಲ. ಶಾಖಕ್ಕಿಂತಲೂ ಭಯಂಕರವಾದದ್ದು ಬಂಡೆ ಸಿಡಿತ. ಮೂರು ಕಿಲೋಮೀಟರ್ ದಪ್ಪದ ಕಲ್ಲಿನ ಭಾರವನ್ನು ಹೊತ್ತ ಸುರಂಗದ ಗೋಡೆ, ಯಾವ ಮುನ್ಸೂಚನೆಯೂ ಇಲ್ಲದೆ ತೋಪು ಹಾರಿದಂತೆ ಒಡೆದು ಒಳಕ್ಕೆ ಚಿಮ್ಮುತ್ತಿತ್ತು. ಊರಿನಲ್ಲಿ ವಯಸ್ಸಾದವರನ್ನು ಕೇಳಿದರೆ ನೆಲ ನಡುಗಿ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡಿದಾಗ ಹೆಂಗಸರು ಬೀದಿಗೆ ಬಂದು ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದ ಮಾತು ಬಂದೇ ಬರುತ್ತದೆ. ಬಂಡೆಗಳ ಈ ವರ್ತನೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇಲ್ಲಿಯೇ ಹುಟ್ಟಿದ್ದು ಆಕಸ್ಮಿಕವಲ್ಲ.

ಇದೇ ಆಳ ವಿಜ್ಞಾನಕ್ಕೆ ಇನ್ನೊಂದು ಬಗೆಯಲ್ಲಿ ಒದಗಿಬಂತು. ನಿಮ್ಮ ಮಕ್ಕಳು ಹೈಸ್ಕೂಲಿನವರಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ; ಕೆಜಿಎಫ್‌ಗೆ ಹೋಗಿಬಂದವರಲ್ಲಿ ಹೆಚ್ಚಿನವರಿಗೆ ಇದರ ಸುಳಿವೇ ಇರುವುದಿಲ್ಲ. ಆಕಾಶದಿಂದ ಭೂಮಿಯ ಮೇಲೆ ಸದಾ ಸುರಿಯುವ ವಿಶ್ವಕಿರಣಗಳು ಕಲ್ಲಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಉಪಕರಣಗಳೊಂದಿಗೆ ಈ ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಎಣಿಕೆ ಕಡಿಮೆಯಾಗುತ್ತಾ ಹೋಗಿ, 1960ರ ದಶಕದ ಆರಂಭದಲ್ಲಿ ಅತ್ಯಂತ ಆಳದ ಲೆವೆಲ್ಲಿನಲ್ಲಿಟ್ಟ ಉಪಕರಣದಲ್ಲಿ ಒಂದು ಕಣವೂ ದಾಖಲಾಗಲಿಲ್ಲ. ಸಾಮಾನ್ಯ ಪ್ರಯೋಗದಲ್ಲಿ ಇದು ಸೋಲು. ಇಲ್ಲಿ ಅದೇ ಗೆಲುವಿನ ದಾರಿಯಾಯಿತು. ಬೇರೆಲ್ಲ ಕಣಗಳೂ ಕಲ್ಲಿನಲ್ಲಿ ಅಡಗಿ ಹೋಗುವ ಈ ನಿಶ್ಶಬ್ದದಲ್ಲಿ, ಇಡೀ ಭೂಮಿಯನ್ನೇ ಹಾದುಹೋಗಬಲ್ಲ ನ್ಯೂಟ್ರಿನೊ ಮಾತ್ರ ತನ್ನ ಗುರುತು ಬಿಡಬಲ್ಲದು ಎಂಬುದು ಅವರಿಗೆ ಹೊಳೆಯಿತು. ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮೊದಲಾದವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳವರ ಜೊತೆಗೂಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ನಡೆಸಿದ ಪ್ರಯೋಗದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದೇ ವರ್ಷ ಇನ್ನೊಂದು ತಂಡ ದಕ್ಷಿಣ ಆಫ್ರಿಕಾದಲ್ಲಿ ಅದೇ ಫಲಿತಾಂಶ ಪಡೆಯಿತು. ಅದೂ ಚಿನ್ನದ ಗಣಿಯಲ್ಲೇ! 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾಯುವ ಪ್ರಯೋಗವೂ ಇಲ್ಲಿ ನಡೆಯಿತು. ಈ ಪ್ರಯೋಗಶಾಲೆ ಇದ್ದ ಜಾಗವೂ ಈಗ ನೀರಿನಲ್ಲಿದೆ. ಚಾಂಪಿಯನ್ ರೀಫ್‌ನ ಹೆಡ್‌ಗೇರ್ ಕಂಡಾಗ, ಅದೇ ಹಗ್ಗದ ಕೆಳಗೆ ಗಣಿ ಕಾರ್ಮಿಕರ ಜೊತೆ ಭೌತವಿಜ್ಞಾನಿಗಳೂ ಹೆಲ್ಮೆಟ್ ಹಾಕಿಕೊಂಡು ಇಳಿಯುತ್ತಿದ್ದರೆಂದು ಮಕ್ಕಳಿಗೆ ಹೇಳಿ. ನಿಮ್ಮ ತಾತ ಆ ವರ್ಷಗಳಲ್ಲಿ ಕೆಲಸದಲ್ಲಿದ್ದರೆ ಅವರನ್ನು ನೋಡಿರಲೂಬಹುದು.

ಮುಂದೆ ವಿದ್ಯುತ್ತಿನ ಮಾತು. ಕಲ್ಲನ್ನು ಪುಡಿ ಮಾಡುವ ಗಿರಣಿಗಳಿಗೆ, ಗಾಳಿಯ ಯಂತ್ರಗಳಿಗೆ ಉಗಿಯ ಬಲ ಬೇಕಿತ್ತು. ಅದಕ್ಕೆ ದೂರದಿಂದ ತರಬೇಕಾದ ಕಲ್ಲಿದ್ದಲು ದುಬಾರಿಯಾಗಿತ್ತು. ಆಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ರೂಪುಗೊಂಡಿತು. 1902ರ ಜೂನ್ ಕೊನೆಯಲ್ಲಿ 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ವಿದ್ಯುತ್ತು ಕೆಜಿಎಫ್ ತಲುಪಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವುದು ಆಗ ಪ್ರಪಂಚದಲ್ಲೇ ದೊಡ್ಡ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ರಾಜ್ಯದ ದೊಡ್ಡ ನಗರಕ್ಕಿಂತ ಮೂರು ವರ್ಷ ಮೊದಲು ಗಣಿಗೆ. ಇದನ್ನು ಹೆಮ್ಮೆಯ ಮಾತಾಗಿ ಕೆಜಿಎಫ್‌ನವರು ಹೇಳುತ್ತಾರೆ, ಹೇಳಲಿ. ಆ ವಿದ್ಯುತ್ತು ಊರಿನ ಜನಕ್ಕಾಗಿ ಬಂದದ್ದಲ್ಲ, ಯಂತ್ರಗಳಿಗಾಗಿ ಬಂದದ್ದು ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡರೆ ಚಿತ್ರ ಪೂರ್ತಿಯಾಗುತ್ತದೆ.

ನೀರಿನ ಕಥೆ ನೋಡಲು ಬೇತಮಂಗಲಕ್ಕೆ ಹೋಗಬೇಕು. ಪಾಲಾರ್ ನದಿಗೆ ಅಡ್ಡಲಾಗಿರುವ ಆ ಕೆರೆ ಗಣಿಗಿಂತ ಸಾವಿರ ವರ್ಷ ಹಳೆಯದು. ವಿಜಯಾದಿತ್ಯಮಂಗಲ ಎಂದು ಕರೆಸಿಕೊಂಡಿದ್ದ ಆ ಊರು ಬಾಣ ಅರಸರ ನೆನಪನ್ನು ಹೆಸರಿನಲ್ಲೇ ಹೊತ್ತಿತ್ತು. ಗದ್ದೆಗೆಂದು ಕಟ್ಟಿದ ಕೆರೆಯಿಂದ 20ನೆಯ ಶತಮಾನದ ಆರಂಭದಲ್ಲಿ ಗಣಿ ಊರಿಗೆ ಕೊಳವೆಯಲ್ಲಿ ಶುದ್ಧೀಕರಿಸಿದ ನೀರು ಹರಿಯಿತು. ಮಳೆಗಾಲ ಚೆನ್ನಾಗಿ ಆದ ವರ್ಷ ಹೋದರೆ ಏರಿಯ ಮೇಲೆ ಸಂಜೆ ಒಂದು ಗಂಟೆ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಆ ಸುತ್ತಿನಲ್ಲಿಲ್ಲ.

ಈಗ ಜನ ವಾಸಿಸಿದ ಜಾಗಗಳು. "ಮಿನಿ ಇಂಗ್ಲೆಂಡ್" ಎಂಬ ಮಾತನ್ನು ನೀವು ಅಲ್ಲಿ ಹತ್ತು ಸಲ ಕೇಳುತ್ತೀರಿ. ದಿಬ್ಬದ ಮೇಲಿನ ಬಂಗಲೆಗಳು, ಹೊಗೆಗೂಡು, ಹೆಂಚಿನ ಮಾಡು, ವಿಶಾಲವಾದ ವರಾಂಡ, 1885ರಷ್ಟು ಹಿಂದಿನ ಕೆಜಿಎಫ್ ಕ್ಲಬ್, ಗಾಲ್ಫ್ ಮೈದಾನ, ಚಾಂಪಿಯನ್ ರೀಫ್‌ನ ಆಸ್ಪತ್ರೆ, ವಿಜಯಮಾತೆಯ ಚರ್ಚು, ಎಲ್ಲವೂ ನೋಡತಕ್ಕವೇ. ಆದರೆ ಆ ಮಾತು ನನಗೆ ಎಂದೂ ಹಿಡಿಸಿದ್ದಿಲ್ಲ, ಅದು ಅರ್ಧ ಊರಿನ ವರ್ಣನೆ ಮಾತ್ರ. ಮಿಕ್ಕರ್ಧ ಇರುವುದು ಲೈನುಗಳಲ್ಲಿ. ಸಾಲಾಗಿ ಒಂದಕ್ಕೊಂದು ಬೆನ್ನು ಹಚ್ಚಿ ನಿಂತ, ಒಂದು ಕೋಣೆ, ಮುಂದೊಂದು ಇರುಕು ಜಗಲಿ ಅಷ್ಟೇ ಇರುವ ಕಾರ್ಮಿಕರ ಮನೆಗಳನ್ನು ಅಲ್ಲಿ ಲೈನ್ ಎನ್ನುತ್ತಾರೆ. ಮೊದಲು ಇವು ಬಿದಿರ ತಟ್ಟಿಯ ಗುಡಿಸಲುಗಳಾಗಿದ್ದವು. ಒಂದು ಬಂಗಲೆಯ ವರಾಂಡದಲ್ಲಿ ಲೈನಿನ ಎಷ್ಟು ಮನೆ ಹಿಡಿಯುತ್ತದೆಂದು ಹೆಜ್ಜೆ ಹಾಕಿ ಅಳೆಯಲು ಮಕ್ಕಳಿಗೆ ಹೇಳಿ. ಅಲ್ಲಿ ಈಗಲೂ ಕುಟುಂಬಗಳು ವಾಸವಾಗಿರುವುದರಿಂದ ಮನೆಯವರನ್ನು ಕೇಳದೆ ಒಳಗೆ ಇಣುಕುವುದು, ಫೋಟೊ ತೆಗೆಯುವುದು ಬೇಡ.

ಆ ಲೈನುಗಳಿಗೆ ಜನ ಬಂದದ್ದು ಮುಖ್ಯವಾಗಿ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ. ಅವರಲ್ಲಿ ಬಹುಸಂಖ್ಯಾತರು ದಲಿತರು. ಊರಿನಲ್ಲಿ ಕಷ್ಟಪಟ್ಟರೂ ಜೀತವಿಲ್ಲದ, ತಿಂಗಳಿಗೆ ಕೈಯಲ್ಲಿ ಕಾಸು ಕಾಣುವ ಬದುಕನ್ನು ಹುಡುಕಿ ಬಂದವರು ಅವರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ ಗಣಿಗಳವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಮಲಬಾರಿನವರು, ಕಾವಲಿಗೆ ಪಂಜಾಬಿನವರು ಎಲ್ಲರೂ ಇದ್ದರು. ಹೀಗಾಗಿ ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆಯಲ್ಲಿ ನಿಂತರೆ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬಂದು ಹೋಗುವುದನ್ನು ಕೇಳಬಹುದು. ತಮಿಳು ದಲಿತ ಚಿಂತಕ ಪಂಡಿತ ಅಯೋಧಿದಾಸರ ಪ್ರೇರಣೆಯಿಂದ 20ನೆಯ ಶತಮಾನದ ಮೊದಲ ದಶಕದಲ್ಲೇ ಇಲ್ಲಿನ ಕಾರ್ಮಿಕರು ಬೌದ್ಧ ಸಂಘ ಕಟ್ಟಿಕೊಂಡಿದ್ದರು. 1914ರಲ್ಲಿ ಅಯೋಧಿದಾಸರು ತೀರಿಕೊಂಡ ಕೆಲವು ವರ್ಷಗಳ ನಂತರ ಅವರ ಪತ್ರಿಕೆ ಮತ್ತೆ ಜೀವ ಪಡೆದದ್ದು ಕೆಜಿಎಫ್‌ನಿಂದ. ಅಂಬೇಡ್ಕರ್ ಅವರ ಧರ್ಮಸ್ವೀಕಾರಕ್ಕಿಂತ ಸುಮಾರು ಅರ್ಧ ಶತಮಾನ ಮೊದಲಿನ ಮಾತಿದು. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಧಿಕ್ಕರಿಸಿ ಇಡೀ ಗಣಿ ಪ್ರದೇಶವೇ ಕೆಲಸ ನಿಲ್ಲಿಸಿತ್ತು. ತಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಬೇಡಿ ಎಂಬುದು ಅದರ ಹಿಂದಿನ ನೋವು. ಚಿನ್ನದ ಕಳವಿನ ಭಯ ಗಣಿಯವರನ್ನು ಎಷ್ಟು ಕಾಡಿತ್ತೆಂದರೆ ಇಲ್ಲಿಗೆ ಬೇರೆಯೇ ಪೊಲೀಸ್ ವ್ಯವಸ್ಥೆ ಬೇಕಾಯಿತು. ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿರುವುದು ಆ ಕಾಲದ ಉಳಿಕೆ. ಈ ಯಾವುದಕ್ಕೂ ಪ್ರವಾಸಿಗರಿಗೆ ತೋರಿಸುವಂಥ ದೊಡ್ಡ ಕಟ್ಟಡವಿಲ್ಲದಿರಬಹುದು. ಆದರೆ ಪರಂಪರೆಯನ್ನು ಕಟ್ಟಡದ ಎತ್ತರದಿಂದ ಅಳೆಯುವವರಿಗೆ ಕೆಜಿಎಫ್ ಹೇಳಿಸಿದ್ದಲ್ಲ. ಡಿಸೆಂಬರ್ ಕೊನೆಯಲ್ಲಿ ಹೋದರಂತೂ ಲೈನಿನ ಬಾಗಿಲು ಬಾಗಿಲಿಗೂ ಕಾಗದದ ನಕ್ಷತ್ರ ತೂಗುತ್ತಿರುತ್ತದೆ.

ಇನ್ನು ಸೈನೈಡ್ ಗುಡ್ಡ. ಜನಪ್ರಿಯ ಸಿನಿಮಾ ಬಂದ ಮೇಲೆ ಇವು ಸೆಲ್ಫಿಯ ತಾಣಗಳಾಗಿವೆ. ಆ ಕಥೆ ಪೂರಾ ಕಲ್ಪನೆ, ಗುಡ್ಡಗಳು ಮಾತ್ರ ನಿಜ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಸತುವಿನ ಮೇಲೆ ಅದನ್ನು ಇಳಿಸಿಕೊಂಡ ಬಳಿಕ ಉಳಿದ ಕೆಸರನ್ನು ಸುರಿದು ಸುರಿದು ಆದವು ಅವು. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣು ಹದಿಮೂರು ದಿಬ್ಬಗಳಾಗಿ ಬಿದ್ದಿದೆ. ಆರಂಭದಲ್ಲಿ ಟನ್ನು ಅದಿರಿಗೆ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿದದ್ದೇ ಗಣಿ ಮುಚ್ಚಲು ಮುಖ್ಯ ಕಾರಣ. ಈ ದಿಬ್ಬಗಳಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಉಳಿದಿದ್ದರೂ, ಚಿನ್ನದ ಬೆಲೆ ಏರಿರುವುದರಿಂದ ಅದನ್ನು ಮತ್ತೆ ತೆಗೆಯುವ ಪ್ರಸ್ತಾಪ ಸರ್ಕಾರದ ಮಟ್ಟದಲ್ಲಿ ನಡೆದಿದೆ. ಅಂದರೆ ನೀವು ನೋಡುವ ಈ ಬಿಳಿ ಬೂದು ಗುಡ್ಡಗಳು ನಿಮ್ಮ ಮಕ್ಕಳ ಮಕ್ಕಳ ಕಾಲಕ್ಕೆ ಇಲ್ಲದೇ ಹೋಗಬಹುದು. ಮಳೆನೀರು ಕೊರೆದ ಸೀಳುಗಳು ಇವುಗಳ ಮೈತುಂಬ ಇವೆ. ಬೆರಳಲ್ಲಿ ಉಜ್ಜಿದರೆ ಮರಳಿನ ತರಿ ಸಿಗುವುದಿಲ್ಲ, ರಾಗಿ ಹಿಟ್ಟಿನ ನುಣುಪು ಸಿಗುತ್ತದೆ. ಅಪಾಯ ಇರುವುದೂ ಆ ನುಣುಪಿನಲ್ಲೇ. ಸೈನೈಡು ಬಿಸಿಲು ಗಾಳಿಗೆ ಬಹುಮಟ್ಟಿಗೆ ನಾಶವಾಗುತ್ತದೆ, ಆದರೆ ಸಿಲಿಕಾ ದೂಳು ನಾಶವಾಗುವುದಿಲ್ಲ. ಗಣಿ ಕಾರ್ಮಿಕರ ಪುಪ್ಪುಸವನ್ನು ತಿಂದ ಸಿಲಿಕೋಸಿಸ್ ಈ ದೂಳಿನದೇ ರೋಗ. ಗಾಳಿಯ ದಿನಗಳಲ್ಲಿ ಸುತ್ತಲಿನ ಬಡಾವಣೆಯವರ ಒಣಹಾಕಿದ ಬಟ್ಟೆಯ ಮೇಲೆ ಇದು ಪದರವಾಗಿ ಕೂರುತ್ತದೆ. ಹಾಗಾಗಿ ದೂರದಿಂದ, ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಮಕ್ಕಳನ್ನು ಹತ್ತಿಸಬೇಡಿ, ಜಾರಾಟ ಆಡಿಸಬೇಡಿ.

ಭೂವಿಜ್ಞಾನದಲ್ಲಿ ಆಸಕ್ತಿಯಿದ್ದರೆ ಪೆದ್ದಪಲ್ಲಿಯನ್ನು ಬಿಡಬೇಡಿ. ಅಲ್ಲಿನ ಜ್ವಾಲಾಮುಖಿ ಶಿಲೆಗಳನ್ನೂ ದಿಂಬಿನಾಕಾರದ ಲಾವಾವನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಹೀಗೆ ದಿಂಬಿನಂತೆ ಉಬ್ಬಿ ಹೆಪ್ಪುಗಟ್ಟುತ್ತದೆ. ಬರಕ್ಕೆ ಹೆಸರಾದ ಕೋಲಾರದ ಈ ನೆಲ ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಚಿನ್ನದ ಸಿರಗಳು ಹರಿದಿರುವುದೂ ಇದೇ ಶಿಲಾಪಟ್ಟಿಯಲ್ಲಿ.

ಸುತ್ತಲಿನ ದೇವಸ್ಥಾನಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿ ಎತ್ತರದ ಲಿಂಗವೂ ಅದರ ಸುತ್ತ ಲಕ್ಷಾಂತರ ಚಿಕ್ಕ ಲಿಂಗಗಳೂ ಇವೆ. 1980ರಲ್ಲಿ ಶುರುವಾದ ಈ ಕ್ಷೇತ್ರ ಗಣಿಗಿಂತ ಹೊಸದು. ಗುಟ್ಟಹಳ್ಳಿಯ ಬಂಗಾರು ತಿರುಪತಿ ಹೆಸರಿನಲ್ಲೇ ಚಿನ್ನ ಇಟ್ಟುಕೊಂಡಿದೆ. ಸಮಯ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ನಾನು ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಿ ಎನ್ನುತ್ತೇನೆ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಂಪಿನ ಗುಡಿಗಳು, ಮೇಲೆ ಸೀತೆಯ ಬೆಟ್ಟ, ಜನಸಂದಣಿಯಿಲ್ಲದ ಮಧ್ಯಾಹ್ನ. ಹೈದರಾಲಿ ಹುಟ್ಟಿದ ಬೂದಿಕೋಟೆಯೂ ಬಂಗಾರಪೇಟೆಯ ಕಡೆಯಿಂದ ದೂರವಲ್ಲ.

ಬೇರೆ ದೇಶಗಳಲ್ಲಿ ಮುಚ್ಚಿದ ಚಿನ್ನದ ಗಣಿಗಳನ್ನು ಹೇಗೆ ತೋರಿಸುತ್ತಾರೆ ಎಂಬುದನ್ನೂ ಹೇಳದಿದ್ದರೆ ಉತ್ತರ ಪೂರ್ಣವಾಗದು, ಏಕೆಂದರೆ ನಿಮ್ಮ ಸ್ನೇಹಿತರ ನಿರಾಸೆಯ ಮೂಲ ಅದೇ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ 1970ರಿಂದ ಸಾವರಿನ್ ಹಿಲ್ ಎಂಬ ಹಳೆಯ ಗಣಿ ಊರಿನ ಪ್ರತಿಕೃತಿಯನ್ನೇ ಕಟ್ಟಿ, ಹಳೆಯ ಕಾಲದ ಉಡುಪು ತೊಟ್ಟವರ ನಡುವೆ ಸಂದರ್ಶಕರಿಂದ ತೊರೆಯಲ್ಲಿ ಚಿನ್ನ ತೊಳೆಸುತ್ತಾರೆ. ಅಲ್ಲಿಯೇ ಬೆಂಡಿಗೊದಲ್ಲಿ 1954ರಲ್ಲಿ ಮುಚ್ಚಿದ ಗಣಿಯೊಂದರೊಳಗೆ ಜನರನ್ನು ಇಳಿಸುತ್ತಾರೆ. ತೈವಾನಿನ ಜಿನ್‌ಗುವಾಷಿಯ ಚಿನ್ನದ ವಸ್ತುಸಂಗ್ರಹಾಲಯದಲ್ಲಿ 220 ಕಿಲೋ ತೂಕದ ಗಟ್ಟಿಯನ್ನು ಮುಟ್ಟಲು ಜನ ಸಾಲು ನಿಲ್ಲುತ್ತಾರೆ. ಕೆಜಿಎಫ್‌ಗೆ ಕಾರ್ಮಿಕರನ್ನು ಕಳಿಸಿದ ಕಾರ್ನ್‌ವಾಲ್‌ನ ಗಣಿ ಭೂದೃಶ್ಯವನ್ನಂತೂ 2006ರಲ್ಲೇ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು; ಅಲ್ಲಿ ಕಾಪಾಡಿರುವುದು ಮುಖ್ಯವಾಗಿ ಪಾಳುಬಿದ್ದ ಎಂಜಿನ್ ಮನೆಗಳನ್ನೇ. ಕೆಜಿಎಫ್‌ನ ವಿಚಾರದಲ್ಲಿ ನನ್ನ ಒಲವು ಬಲ್ಲಾರಟ್‌ನ ಕಡೆಗಿಲ್ಲ, ಕಾರ್ನ್‌ವಾಲ್‌ನ ಕಡೆಗಿದೆ. ನಿಜವಾದ ಲೈನುಗಳಲ್ಲಿ ನಿಜವಾದ ಜನ ಬದುಕುತ್ತಿರುವ ಊರಿನಲ್ಲಿ ನಕಲಿ ಗಣಿ ಊರು ಕಟ್ಟುವುದು ಕ್ರೂರ ಹಾಸ್ಯವಾದೀತು. ಒಂದು ಹೆಡ್‌ಗೇರ್, ಅದರ ಎಂಜಿನ್ ಮನೆ, ಒಂದು ಬಂಗಲೆ, ಒಂದು ಲೈನ್ ಮನೆ, ಇಷ್ಟನ್ನು ಇದ್ದ ಹಾಗೆಯೇ ಉಳಿಸಿ, ಕೆಲಸ ಮಾಡಿದವರಿಂದಲೇ ಅದರ ಕಥೆ ಹೇಳಿಸಿದರೆ ಸಾಕು. ಆದರೆ ಅದಕ್ಕೆ ಹೆಚ್ಚು ಕಾಲವಿಲ್ಲ. ಗಣಿ ಮುಚ್ಚಿದಾಗ ಮೂವತ್ತು ವಯಸ್ಸಿನವರಾಗಿದ್ದವರು ಈಗ ಐವತ್ತು ದಾಟಿದ್ದಾರೆ, ತಳದ ಲೆವೆಲ್ಲುಗಳನ್ನು ಕಂಡ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಕೊನೆಯಲ್ಲಿ ಕ್ರಮದ ಮಾತು. ಮೊದಲ ದಿನ ರೈಲಿನಲ್ಲಿ ಮಾರಿಕುಪ್ಪಂವರೆಗೂ ಹೋಗಿ, ಅಲ್ಲಿಂದ ಆಟೊ ಹಿಡಿದು ಚಾಂಪಿಯನ್ ರೀಫ್, ಉರಿಗಾಂ, ರಾಬರ್ಟ್‌ಸನ್‌ಪೇಟೆಯ ಕಡೆ ಹಿಂದಕ್ಕೆ ಬನ್ನಿ. ಬೇಸಿಗೆಯಾದರೆ ಹನ್ನೊಂದು ಗಂಟೆಯೊಳಗೆ ಹೊರಗಿನ ತಿರುಗಾಟ ಮುಗಿಸಿ. ಎರಡನೆಯ ದಿನ ಬೇತಮಂಗಲ, ಆವನಿ ಇಟ್ಟುಕೊಳ್ಳಿ. ತಂಗಲು ಊರಿನಲ್ಲಿ ಅನುಕೂಲ ಕಡಿಮೆಯೆನಿಸಿದರೆ ಕೋಲಾರ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಹೊರಡುವ ಮೊದಲು ಮನೆಯ ಹಳೆಯ ಟ್ರಂಕು ತೆಗೆದು ನಿಮ್ಮ ತಾತನ ಕೆಲಸದ ಕಾಗದ, ಗುರುತಿನ ಬಿಲ್ಲೆ, ಸಂಬಳದ ಚೀಟಿ ಏನಾದರೂ ಇದೆಯೇ ನೋಡಿ. ಅದರಲ್ಲಿ ಶಾಫ್ಟಿನ ಹೆಸರೋ ಲೈನಿನ ಹೆಸರೋ ಇದ್ದರೆ, ಅದನ್ನು ಚಾಂಪಿಯನ್ ರೀಫ್‌ನ ಯಾವುದಾದರೂ ಚಹಾ ಅಂಗಡಿಯಲ್ಲಿ ಕೂತ ಹಿರಿಯರೊಬ್ಬರ ಕೈಗೆ ಕೊಡಿ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಯಾವ ಶಿಫ್ಟು, ಯಾವ ಲೆವೆಲ್ಲು ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಅಲ್ಲಿಂದ ಮುಂದೆ ನಿಮಗೆ ನನ್ನ ಸಲಹೆ ಬೇಕಾಗುವುದಿಲ್ಲ.